ಆ ಕತ್ತೆ ಏನು ತಪ್ಪು ಮಾಡಿತ್ತು? ಬೈಬಲಿನ ಕಷ್ಟದ ವಚನಗಳ ಮುಂದೆ ನಾವು ಹೇಗೆ ಕೂರಬೇಕು

ಭಾನುವಾರದ ಟೀಚರ್

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಹೋದ ಭಾನುವಾರದಿಂದ ಒಂದು ಪ್ರಶ್ನೆ ಮನಸ್ಸಲ್ಲಿ ಕೂತುಬಿಟ್ಟಿದೆ. ಇಲ್ಲಿ ಅನುಭವ ಇರುವವರು ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಂಡೇ ಸ್ಕೂಲಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಪಾಠ ಮಾಡುತ್ತೇನೆ. ಅವತ್ತು ಇಸ್ರಾಯೇಲಿನ ಮೊದಲ ಅರಸ ಸೌಲನ ಪಾಠ, 1 ಸಮುವೇಲ 15. ಯಜ್ಞಕ್ಕಿಂತ ಮಾತು ಕೇಳುವುದು ಮೇಲು ಅನ್ನುವ 22ನೇ ವಚನ ಮಾತ್ರ ಕಂಠಪಾಠಕ್ಕೆ ಇತ್ತು. ಒಬ್ಬ ಹುಡುಗಿ ತನ್ನ ಬೈಬಲ್ ತೆಗೆದು ಅಧ್ಯಾಯವನ್ನು ಮೊದಲಿಂದ ಓದಲು ಶುರು ಮಾಡಿದಳು. ಮೂರನೇ ವಚನಕ್ಕೆ ಬಂದು ನಿಂತಳು. ಗಂಡಸರು, ಹೆಂಗಸರು, ಮಕ್ಕಳು, ಮೊಲೆಕೂಸುಗಳು, ದನ, ಕುರಿ, ಒಂಟೆ, ಕತ್ತೆ. ಅಮಾಲೇಕ್ಯರಲ್ಲಿ ಯಾರನ್ನೂ ಉಳಿಸಬೇಡ ಅಂತ ಸೌಲನಿಗೆ ದೇವರ ಅಪ್ಪಣೆ. ಅವಳ ಬೆರಳು ಕೊನೆಯ ಪದದ ಮೇಲೆ ಇತ್ತು. "ಟೀಚರ್, ಆ ಕತ್ತೆ ಏನು ತಪ್ಪು ಮಾಡಿತ್ತು?" ಅಂದಳು. ಆಮೇಲೆ ದನಿ ತಗ್ಗಿಸಿ, "ಪಾಪುಗಳನ್ನೂನಾ?" ಅಂದಳು.

"ದೇವರು ಮಾಡೋದೆಲ್ಲ ನ್ಯಾಯವೇ ಮಗಳೇ, ನಮಗೆ ಅರ್ಥ ಆಗಲ್ಲ ಅಷ್ಟೇ" ಅಂದುಬಿಟ್ಟೆ. ಅವಳು ಬೈಬಲ್ ಮುಚ್ಚಿದಳು. ಕೋಪದಿಂದಲ್ಲ. ಸುಮ್ನೆ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟು ಕೂತಳು. ಪಾಠ ಮುಗಿಯುವ ತನಕ ಮತ್ತೆ ತೆರೆಯಲಿಲ್ಲ.

ನಾನು ಹೇಳಿದ್ದು ಸುಳ್ಳು ಅಂತ ನನಗೆ ಅನಿಸುತ್ತಿಲ್ಲ. ಆದರೆ ಮಗುವಿನ ಬಾಯಿ ಮುಚ್ಚಿಸಲು ಹೇಳಿದೆ, ಅದು ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ನಾನೂ ಆ ವಚನವನ್ನು ಬೇಗ ಬೇಗ ಓದಿ ದಾಟಿದವಳೇ. ಮುಂದಿನ ವಾರ ಅವಳು ಮತ್ತೆ ಬರುತ್ತಾಳೆ. ಅವಳಿಗೆ ಏನು ಹೇಳಲಿ? ಅದಕ್ಕೂ ಮೊದಲು, ನಾನು ಏನು ಮಾಡಲಿ?

ದೃಢ ನಂಬಿಕೆ

ಸಿಸ್ಟರ್, ಬೇಜಾರು ಮಾಡಿಕೊಳ್ಳಬೇಡಿ. ನೀವು ಹೇಳಿದ್ದು ಸರಿಯಾಗೇ ಇದೆ. ಅಮಾಲೇಕ್ಯರೇನು ಅಮಾಯಕರಲ್ಲ. ವಿಮೋಚನಕಾಂಡ 17 ಓದಿ. ಐಗುಪ್ತದಿಂದ (ಈಜಿಪ್ಟ್) ಹೊರಟ ಇಸ್ರಾಯೇಲ್ ಜನರ ಮೇಲೆ ಬಿದ್ದವರು ಅವರು. ಧರ್ಮೋಪದೇಶಕಾಂಡ 25:18ರಲ್ಲಿ ಇನ್ನೂ ಬಿಡಿಸಿ ಹೇಳಿದೆ. ದಣಿದು ಹಿಂದೆ ಬಿದ್ದವರನ್ನು ನೋಡಿ ನೋಡಿ ಹೊಡೆದರು. ಹಿಂದೆ ಬೀಳುವವರು ಯಾರು? ಮುದುಕರು, ಕಾಯಿಲೆಯವರು, ಮಕ್ಕಳನ್ನು ಎತ್ತಿಕೊಂಡವರು. ಆಮೇಲೂ ದೇವರು ತಲೆಮಾರುಗಳ ಕಾಲ ಕಾದರು.

ಮಣ್ಣು ಕುಂಬಾರನನ್ನು ಪ್ರಶ್ನೆ ಮಾಡುತ್ತದೆಯೇ ಅಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಕೇಳುತ್ತಾನೆ. ನನಗೆ ಅಷ್ಟು ಸಾಕು.

ನನ್ನ ಭಯವನ್ನೂ ಹೇಳಿಬಿಡುತ್ತೇನೆ. ಇವತ್ತು ಈ ವಚನ ಸರಿ ಇಲ್ಲ ಅಂತೀವಿ, ನಾಳೆ ಇನ್ನೊಂದು. ಹೀಗೆ ಒಂದೊಂದೇ ಎಳೆ ಎಳೆಯುತ್ತಾ ಹೋದರೆ ಬಟ್ಟೆಯೇ ಉಳಿಯಲ್ಲ. ನನ್ನ ಸ್ವಂತ ಅಣ್ಣ ಹೀಗೇ ಶುರು ಮಾಡಿದ. ಈಗ ಪ್ರಾರ್ಥನೆಯನ್ನೂ ಬಿಟ್ಟಿದ್ದಾನೆ. ಹಬ್ಬಕ್ಕೆ ಬಂದರೂ ಊಟದ ಮುಂಚಿನ ಪ್ರಾರ್ಥನೆ ಮುಗಿಯುವ ತನಕ ಹೊರಗೆ ನಿಲ್ಲುತ್ತಾನೆ.

ನಿವೃತ್ತ ಸಭಾಪಾಲಕ

ತಮ್ಮಾ, ನಿಮ್ಮ ಅಣ್ಣ ಬಾಗಿಲ ಹೊರಗೆ ನಿಲ್ಲುವುದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಒಂದು ಕೇಳಲಾ? ಅವರು ಮೊದಲ ಪ್ರಶ್ನೆ ಕೇಳಿದಾಗ ಮನೆಯಲ್ಲಿ ಯಾರಾದರೂ ಅವರ ಪಕ್ಕ ಕೂತು ಆ ಅಧ್ಯಾಯವನ್ನು ಪೂರ್ತಿ ಓದಿದ್ದರಾ? ತಪ್ಪು ಹುಡುಕಲು ಕೇಳುತ್ತಿಲ್ಲ. ನಾನೇ ಹಾಗೆ ಕೂರದೆ ಕಳೆದುಕೊಂಡವನು.

ಸೇವೆಗೆ ಸೇರಿದ ಹೊಸತು. ನಮ್ಮ ಸಭೆಯ ಒಬ್ಬ ತಾಯಿಯ ಕೂಸು ಹುಟ್ಟಿದ ಆರನೇ ದಿನ ತೀರಿಕೊಂಡಿತು. ಆ ತಾಯಿ 2 ಸಮುವೇಲ 12 ತೆರೆದು ಇಟ್ಟುಕೊಂಡಿದ್ದರು. ದಾವೀದನ ಪಾಪಕ್ಕೆ ಅವನ ಮಗು ಸತ್ತ ಅಧ್ಯಾಯ. "ಅಯ್ಯಾ, ನನ್ನ ಯಾವ ಪಾಪಕ್ಕೆ?" ಅಂತ ಕೇಳಿದರು. ನಾನು ಪಾಠ ಶುರು ಮಾಡಿದೆ. ದೇವರ ಪರಿಶುದ್ಧತೆ, ಪಾಪದ ಫಲ, ದಾವೀದನ ಪಶ್ಚಾತ್ತಾಪ. ಕಾಲು ಗಂಟೆ ಮಾತಾಡಿದೆ. ಆಕೆ ಸೆರಗಿನ ಅಂಚನ್ನು ಮಡಿಸುತ್ತಾ, ಬಿಡಿಸುತ್ತಾ ಕೂತಿದ್ದರು. ನಾನು ಹೇಳಿದ ಒಂದೊಂದು ಮಾತನ್ನೂ ಪುಸ್ತಕದಿಂದ ತೋರಿಸಬಹುದಿತ್ತು. ಆದರೆ ಹುಟ್ಟು ಕುರುಡನನ್ನು ತೋರಿಸಿ ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ ಯೇಸು ಕೊಟ್ಟ ಉತ್ತರ ನನಗೆ ಅವತ್ತು ನೆನಪಾಗಲೇ ಇಲ್ಲ. ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ ಅಂದರು ಯೇಸು. ಯೋಹಾನ 9:3. ಆಕೆ ಮತ್ತೆ ಸಭೆಗೆ ಬರಲಿಲ್ಲ.

ಅಲ್ಲಿಂದೀಚೆಗೆ ಯೋಬನ ಪುಸ್ತಕವನ್ನು ನಾನು ಬೇರೆ ರೀತಿ ಓದುತ್ತೇನೆ. ಯೋಬನ ಗೆಳೆಯರು ದೇವರ ಪರವಾಗಿ ವಕೀಲಿಕೆ ಮಾಡಿದವರು. ದೇವರು ನ್ಯಾಯವಂತ, ಆದ್ದರಿಂದ ನೀನೇ ತಪ್ಪು ಮಾಡಿರಬೇಕು ಅಂದರು. ಅದಕ್ಕೆ ಯೋಬ 13ನೇ ಅಧ್ಯಾಯದಲ್ಲಿ ಕೇಳುತ್ತಾನೆ: ದೇವರಿಗೋಸ್ಕರ ಸುಳ್ಳು ಹೇಳುತ್ತೀರಾ? ಆತನ ಪಕ್ಷ ಹಿಡಿದು ಮೋಸದ ಮಾತಾಡುತ್ತೀರಾ? ಕೊನೆಗೆ 42:7ರಲ್ಲಿ ದೇವರು ಯಾರ ಮೇಲೆ ಸಿಟ್ಟಾದರು? ಆತನನ್ನು ಸಮರ್ಥಿಸಿದವರ ಮೇಲೆ. ನನ್ನ ಸೇವಕನಾದ ಯೋಬನು ಮಾತಾಡಿದಂತೆ ನೀವು ಸರಿಯಾಗಿ ಮಾತಾಡಲಿಲ್ಲ ಅಂದರು. ಕೂಗಾಡಿದ, ಜಗಳ ಆಡಿದ, ಹುಟ್ಟಿದ ದಿನವನ್ನೇ ಶಪಿಸಿದ ಯೋಬ ಸರಿಯಾಗಿ ಮಾತಾಡಿದ!

ಕುಂಬಾರ ಮತ್ತು ಮಣ್ಣಿನ ಮಾತು ನನಗೂ ವೇದವಾಕ್ಯವೇ ತಮ್ಮಾ. ಅಬ್ರಹಾಮನ ಮಾತೂ ವೇದವಾಕ್ಯವೇ. ಸೊದೋಮಿನ ವಿಷಯದಲ್ಲಿ ಅವನು ದೇವರ ಎದುರು ನಿಂತು, ಸರ್ವಲೋಕದ ನ್ಯಾಯಾಧಿಪತಿ ನ್ಯಾಯ ಮಾಡಬೇಡವೇ ಅಂತ ಕೇಳಿದ. ಐವತ್ತರಿಂದ ಹತ್ತಕ್ಕೆ ಇಳಿಸುತ್ತಾ ಬಂದ. ಆದಿಕಾಂಡ 18. ದೇವರು ಒಂದು ಸಲವೂ ಗದರಿಸಲಿಲ್ಲ. ಅಬ್ರಹಾಮ ಕೇಳಿದ್ದನ್ನೇ ಆ ಮಗು ಕೇಳಿದ್ದಾಳೆ, ಅಲ್ವಾ ಟೀಚರಮ್ಮ?

ಕಲ್ಲಿನ ಬರಹ

ನಾನು ಹಳೆಯ ಶಾಸನಗಳ ವಿಷಯ ಓದುವವನು. ಒಂದು ಮಾಹಿತಿ ಸೇರಿಸುತ್ತೇನೆ, ಉಪಯೋಗ ಆಗಬಹುದು.

ಆ ಕಾಲದ ರಾಜರು ಯುದ್ಧದ ವರದಿ ಬರೆಯುವ ರೀತಿಯೇ ಬೇರೆ. ಐಗುಪ್ತದ ಮೆರ್ನೆಪ್ಟಾ ಅನ್ನುವ ಫರೋಹನ ಶಾಸನ ಕ್ರಿ.ಪೂ. 1208ರ ಸುಮಾರಿನದು, ಸಿಕ್ಕಿದ್ದು 1896ರಲ್ಲಿ. ಅದರಲ್ಲಿ ಇಸ್ರಾಯೇಲ್ ಹಾಳಾಯಿತು, ಅದರ ಬೀಜವೇ ಇಲ್ಲ ಅಂತ ಕೆತ್ತಿದ್ದಾರೆ. ಬೈಬಲಿನ ಹೊರಗೆ ಇಸ್ರಾಯೇಲ್ ಹೆಸರು ಇರುವ ಅತಿ ಹಳೆಯ ಬರಹಗಳಲ್ಲಿ ಒಂದು ಅದು, ಅದರಲ್ಲೇ ಇಸ್ರಾಯೇಲ್ ಮುಗಿಯಿತು ಅಂತ ಇದೆ! ಮೋವಾಬಿನ ರಾಜ ಮೇಷನ ಕಲ್ಲು 1868ರಲ್ಲಿ ಸಿಕ್ಕಿತು, ಕ್ರಿ.ಪೂ. 9ನೇ ಶತಮಾನದ್ದು. ಇಸ್ರಾಯೇಲ್ ಶಾಶ್ವತವಾಗಿ ನಾಶವಾಯಿತು ಅಂತ ಅವನೂ ಬರೆಸಿದ್ದಾನೆ. ಅದೇ ಕಲ್ಲಿನಲ್ಲಿ ಇನ್ನೊಂದು ಕಡೆ ಅವನು ಬಳಸಿದ ಪದ ಹೀಬ್ರೂ ಬೈಬಲಿನ 'ಹೇರೆಮ್' ಪದದ ಬೇರಿನದೇ. ಪೂರ್ತಿಯಾಗಿ ದೇವರಿಗೆ ಬಿಟ್ಟು ನಾಶಮಾಡುವುದು ಅಂತ ಅರ್ಥ. 1 ಸಮುವೇಲ 15ರಲ್ಲೂ ಅದೇ ಪದ. ಅಂದರೆ ಗೆದ್ದೆವು ಅನ್ನುವುದನ್ನು ಒಬ್ಬರೂ ಉಳಿಯಲಿಲ್ಲ ಅಂತ ಹೇಳುವುದು ಆಗಿನ ಮಾತಿನ ರೀತಿ.

ಬೈಬಲ್ ಒಳಗೇ ಇದಕ್ಕೆ ಸಾಕ್ಷಿ ಇದೆ. 15ನೇ ಅಧ್ಯಾಯದ ಪ್ರಕಾರ ಅರಸ ಅಗಾಗನ ಹೊರತು ಅಮಾಲೇಕ್ಯರೆಲ್ಲ ಮುಗಿದರು. 27ನೇ ಅಧ್ಯಾಯಕ್ಕೆ ಬನ್ನಿ, ದಾವೀದ ಅಮಾಲೇಕ್ಯರ ಮೇಲೆ ದಾಳಿ ಮಾಡುತ್ತಿದ್ದಾನೆ. 30ನೇ ಅಧ್ಯಾಯದಲ್ಲಿ ಅವರು ಒಂದು ಊರನ್ನೇ ಸುಟ್ಟಿದ್ದಾರೆ. ದಾವೀದ ಬೆನ್ನಟ್ಟಿ ಹೊಡೆದ ಮೇಲೂ 400 ಯುವಕರು ಒಂಟೆ ಹತ್ತಿ ಪಾರಾದರು. ಯೆಹೋಶುವನ ಪುಸ್ತಕವೂ ಹಾಗೇ. 10:40ರಲ್ಲಿ ಉಸಿರಿರುವ ಯಾರನ್ನೂ ಉಳಿಸಲಿಲ್ಲ ಅಂತ ಇದೆ. ನ್ಯಾಯಸ್ಥಾಪಕರು 1ನೇ ಅಧ್ಯಾಯದಲ್ಲಿ ಯಾವ ಯಾವ ಊರಿನವರನ್ನು ಹೊರಡಿಸಲು ಆಗಲಿಲ್ಲ ಅಂತ ಉದ್ದಕ್ಕೆ ಪಟ್ಟಿಯೇ ಇದೆ. ಬರೆದವರಿಗೆ ಇದು ಗೊತ್ತಿತ್ತು. ಎರಡನ್ನೂ ಇಟ್ಟರು.

ಹೊರಗೆ ನಿಂತವಳು

ನಾನು ಸಭೆ ಬಿಟ್ಟು ಬಹಳ ವರ್ಷ ಆಯಿತು. ಆದರೂ ಓದುತ್ತೇನೆ. ಮೇಲೆ ಒಬ್ಬರ ಅಣ್ಣನ ವಿಷಯ ಬಂತು, ಅದಕ್ಕೇ ಬರೆಯಬೇಕು ಅನಿಸಿತು.

ಶಾಸನದ ಮಾಹಿತಿ ಹೊಸದು, ಥ್ಯಾಂಕ್ಸ್. ಆದರೆ ಅದರಿಂದ ನನ್ನ ಪ್ರಶ್ನೆ ಮುಗಿಯಲ್ಲ. ಉತ್ಪ್ರೇಕ್ಷೆ ಅಂತಲೇ ಇಟ್ಟುಕೊಳ್ಳೋಣ. ಮೊಲೆಕೂಸನ್ನು ಕೊಲ್ಲು ಅನ್ನುವ ಮಾತನ್ನು ದೇವರ ಬಾಯಲ್ಲಿ ಇಟ್ಟದ್ದು ಉತ್ಪ್ರೇಕ್ಷೆಯಾದರೆ ನೋವು ಕಡಿಮೆ ಆಗುತ್ತಾ? ಅರಣ್ಯಕಾಂಡ 31:17, 18 ಓದಿ, ಮಿದ್ಯಾನ್ಯರನ್ನು ಗೆದ್ದು ಬಂದವರಿಗೆ ಮೋಶೆ ಹೇಳಿದ್ದು. ಗಂಡು ಮಕ್ಕಳನ್ನೂ ಮದುವೆಯಾದ ಹೆಂಗಸರನ್ನೂ ಕೊಂದು, ಮದುವೆಯಾಗದ ಹುಡುಗಿಯರನ್ನು ನಿಮಗೆ ಇಟ್ಟುಕೊಳ್ಳಿ. ಅಲ್ಲಿ ಉಳಿದವರ ಲೆಕ್ಕ ಕೂಡ ಕೊಟ್ಟಿದ್ದಾರೆ. ಅದನ್ನು ಮೊದಲ ಸಲ ಓದಿದಾಗ ನನಗೆ ಹದಿನಾಲ್ಕು ವರ್ಷ. ಆ ಹುಡುಗಿಯರಲ್ಲಿ ಒಬ್ಬಳ ಜಾಗದಲ್ಲಿ ನನ್ನನ್ನೇ ಇಟ್ಟು ಓದಿದೆ. ಬೇರೆ ಹೇಗೆ ಓದಲಿ?

ನಾನು ಹೊರಗೆ ಬಂದದ್ದು ಆ ವಚನದಿಂದ ಅಲ್ಲ. ಅದನ್ನು ಕೇಳಿದಾಗ ಎಲ್ಲರ ಮುಖ ಬದಲಾಯಿತು. "ಅವರಿಗೆ ಅದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಅನಾಥರಾಗುತ್ತಿದ್ದರು" ಅಂತ ಒಬ್ಬರು ನಗುತ್ತಾ ಹೇಳಿದರು. ಆ ನಗು ನೋಡಿ ಎದ್ದು ಬಂದೆ.

ನಿವೃತ್ತ ಸಭಾಪಾಲಕ

ಆ ಮಾತು ಹೇಳಬಾರದಿತ್ತು ಮಗಳೇ. ಅದಕ್ಕಿಂತ ಜಾಸ್ತಿ ನನ್ನ ಹತ್ತಿರ ಇಲ್ಲ. ಅರಣ್ಯಕಾಂಡ 31ಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಾನು ಅದನ್ನು ಓದಿದಾಗ ಆ ಹುಡುಗಿಯರಿಗಾಗಿ ಅಳುತ್ತೇನೆ, ಅದನ್ನೇ ದೇವರ ಮುಂದೆ ಹೇಳುತ್ತೇನೆ.

ಕಲ್ಲಿನ ಬರಹ

ಸಿಸ್ಟರ್ ಹೇಳಿದ್ದು ಸರಿ. ಶಾಸನಗಳು ಆ ಭಾಷೆ ಹೇಗೆ ಅನ್ನೋದನ್ನು ಹೇಳುತ್ತವೆ, ಅಷ್ಟೇ. ನಾನು ಅದನ್ನು ಕೊನೆಯ ಉತ್ತರದ ಹಾಗೆ ಬರೆದೆ. ಹಾಗೆ ಬರೆಯಬಾರದಿತ್ತು.

ಬಾಯಿ ಬಿಟ್ಟವಳು

ನನ್ನ ಕಷ್ಟದ ವಚನ ಹಳೆಯ ಒಡಂಬಡಿಕೆಯದಲ್ಲ. ಎಫೆಸದವರಿಗೆ 5:22. ಹೆಂಡತಿಯರೇ, ನಿಮ್ಮ ಗಂಡಂದಿರಿಗೆ ಅಧೀನರಾಗಿರಿ.

ಹೊಡೆದ ಮೇಲೆ ನನ್ನ ಗಂಡ ಈ ವಚನ ಹೇಳುತ್ತಿದ್ದ. ಪೂರ್ತಿ ಅಧ್ಯಾಯ ಅವನಿಗೆ ಗೊತ್ತಿರಲಿಲ್ಲ, ಇದೊಂದು ಬಾಯಿಪಾಠ. ಒಂದು ದಿನ ತೋಳಿನ ಮೇಲಿನ ಕಲೆ ತೋರಿಸಿ ನಮ್ಮ ಸಭೆಯ ಹಿರಿಯರೊಬ್ಬರ ಹತ್ತಿರ ಹೇಳಿದೆ. ಅವರೂ ಅದೇ ವಚನ ಓದಿ, ತಾಳಿಕೋ, ಪ್ರಾರ್ಥನೆ ಮಾಡು ಅಂತ ಕಳಿಸಿದರು. ಅದೇ ಕಲೆ ಇರುವ ಕೈಯಲ್ಲೇ ಅವತ್ತು ಅವರಿಗೆ ಟೀ ಕೊಟ್ಟೆ.

ವರ್ಷಗಳ ಮೇಲೆ ಒಬ್ಬ ಅಕ್ಕ ನನ್ನ ಪಕ್ಕ ಕೂತು 21ನೇ ವಚನದಿಂದ ಓದಿಸಿದರು. ಕ್ರಿಸ್ತನ ಭಯದಿಂದ ಒಬ್ಬರಿಗೊಬ್ಬರು ಅಧೀನರಾಗಿರಿ. ಅತಿ ಹಳೆಯ ಕೆಲವು ಗ್ರೀಕ್ ಪ್ರತಿಗಳಲ್ಲಿ 22ನೇ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲವಂತೆ, 21ರಿಂದಲೇ ಎರವಲು. ಅಂದರೆ 21ನ್ನು ಬಿಟ್ಟು 22ನ್ನು ಓದಲೇ ಆಗಲ್ಲ. ಆಮೇಲೆ 25. ಗಂಡಂದಿರೇ, ಕ್ರಿಸ್ತನು ಸಭೆಯನ್ನು ಪ್ರೀತಿಸಿ ಅದಕ್ಕಾಗಿ ತನ್ನನ್ನೇ ಒಪ್ಪಿಸಿಕೊಟ್ಟ ಹಾಗೆ ಪ್ರೀತಿಸಿ. 28, 29ರಲ್ಲಿ ತನ್ನ ಸ್ವಂತ ಶರೀರವನ್ನು ಯಾರೂ ದ್ವೇಷಿಸಲ್ಲ ಅಂತ ಇದೆ. ಗಂಡಂದಿರಿಗೆ ಹೇಳಿದ ಮಾತೇ ಉದ್ದ ಇದೆ. ನನಗೆ ಓದಿ ಹೇಳಿದವರು ಯಾರೂ ಅಷ್ಟು ದೂರ ಬಂದಿರಲಿಲ್ಲ.

ಆದ್ದರಿಂದ ನಾನು ಒಂದು ಸೇರಿಸುತ್ತೇನೆ. ಕೆಲವು ವಚನ ತಾನಾಗೇ ಕಷ್ಟ. ಕೆಲವನ್ನು ನಾವು ಕಷ್ಟ ಮಾಡಿದ್ದೇವೆ. 1807ರಲ್ಲಿ ಲಂಡನ್ನಿನಲ್ಲಿ ಕೆರೀಬಿಯನ್ ದ್ವೀಪಗಳ ಗುಲಾಮರಿಗಾಗಿ ಒಂದು ಬೈಬಲ್ ಅಚ್ಚಾಯಿತು. ಆಯ್ದ ಭಾಗಗಳು ಮಾತ್ರ. ಇಸ್ರಾಯೇಲ್ಯರು ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನೇ ತೆಗೆದರು. ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಅನ್ನುವ ಭೇದ ಇಲ್ಲ ಅನ್ನುವ ಗಲಾತ್ಯದವರಿಗೆ 3:28ನ್ನೂ ತೆಗೆದರು. ದಾಸರೇ, ಯಜಮಾನರಿಗೆ ವಿಧೇಯರಾಗಿರಿ ಅನ್ನುವುದನ್ನು ಹಾಗೇ ಉಳಿಸಿಕೊಂಡರು. ನನ್ನ ಮನೆಯಲ್ಲೂ ಅಂಥದೇ ಒಂದು ಬೈಬಲ್ ಇತ್ತು. ಒಂದೇ ವಚನದ್ದು.

ಯಾವುದೇ ಕಷ್ಟದ ವಚನ ಬಂದಾಗ ಇದನ್ನು ಯಾರು ಓದುತ್ತಿದ್ದಾರೆ, ಯಾರಿಗೆ ಓದಿ ಹೇಳುತ್ತಿದ್ದಾರೆ ಅಂತ ದಯವಿಟ್ಟು ನೋಡಿ.

ಭಾನುವಾರದ ಟೀಚರ್

ಅಕ್ಕಾ, ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನೀವು ಈಗ ಸುರಕ್ಷಿತವಾಗಿದ್ದೀರಾ?

ಬಾಯಿ ಬಿಟ್ಟವಳು

ಹೌದು ಟೀಚರ್. ಬೇರೆ ಮನೆ, ಮಕ್ಕಳೂ ನನ್ನ ಜೊತೆಗಿದ್ದಾರೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ಸಣ್ಣ ಸಣ್ಣ ವಚನ

ಎಲ್ಲ ಕಷ್ಟವೂ ಇಷ್ಟು ಭಾರದ್ದಲ್ಲ ಅಂತ ಹೇಳಲು ಬಂದೆ. ತಂದೆತಾಯಿಯನ್ನು ದ್ವೇಷಿಸದವನು ನನ್ನ ಶಿಷ್ಯನಾಗಲಾರ ಅಂತ ಲೂಕ 14:26. ಅದೇ ಮಾತನ್ನು ಮತ್ತಾಯ 10:37ರಲ್ಲಿ ನೋಡಿ, ನನಗಿಂತ ಹೆಚ್ಚಾಗಿ ಪ್ರೀತಿಸುವವನು ಅಂತ ಇದೆ. ಇಂಥವು ಪಕ್ಕದ ಪುಸ್ತಕ ತೆರೆದರೆ ಬಿಡಿಸಿಕೊಳ್ಳುತ್ತವೆ. ಸಭೆಯಲ್ಲಿ ಹೆಂಗಸರು ಮೌನವಾಗಿರಲಿ ಅಂತ 1 ಕೊರಿಂಥದವರಿಗೆ 14ರಲ್ಲಿ ಇದೆ. ಅದೇ ಪತ್ರದ 11:5ರಲ್ಲಿ ಹೆಂಗಸರು ಪ್ರಾರ್ಥನೆ ಮಾಡುತ್ತಿದ್ದಾರೆ, ಪ್ರವಾದಿಸುತ್ತಿದ್ದಾರೆ. ಮೊದಲು ಹುಡುಕಿ, ಆಮೇಲೆ ಗಾಬರಿಯಾಗಿ.

ತಮ್ಮನ ಅಕ್ಕ

ನನಗೆ ಹುಡುಕಿದರೂ ಬಿಡಿಸಿಕೊಳ್ಳದ ವಚನ ಕೀರ್ತನೆ 137:9. ನಿನ್ನ ಕೂಸುಗಳನ್ನು ಹಿಡಿದು ಬಂಡೆಗೆ ಅಪ್ಪಳಿಸುವವನು ಧನ್ಯನು.

ಬಾಬೆಲಿನ ನದಿಗಳ ಬಳಿ ಕೂತು ಅತ್ತೆವು ಅಂತ ಶುರುವಾಗುವ ಭಾಗವನ್ನು ನಾವು ಹಾಡುತ್ತೇವೆ. ಆರನೇ ವಚನಕ್ಕೆ ನಿಲ್ಲಿಸುತ್ತೇವೆ. ನಾವು ಮಾತ್ರ ಅಲ್ಲ. ಕಥೋಲಿಕ ಧರ್ಮಸಭೆಯ ದಿನದ ಪ್ರಾರ್ಥನೆಯ ಪುಸ್ತಕವನ್ನು 1971ರಲ್ಲಿ ಹೊಸದಾಗಿ ಮಾಡಿದಾಗ 58, 83, 109 ಈ ಮೂರು ಕೀರ್ತನೆಗಳನ್ನು ಪೂರ್ತಿ ಬಿಟ್ಟರು, ಶಾಪದ ಮಾತುಗಳಿವೆ ಅಂತ. 137ರ ಕೊನೆಯೂ ಹೋಯಿತು. ಅವರ ಸಂಕಟ ನನಗೆ ಅರ್ಥ ಆಗುತ್ತೆ. ಆದರೆ ನನಗೆ ಆ ಕೀರ್ತನೆಗಳೇ ಬೇಕಾದ ಒಂದು ಕಾಲ ಬಂತು.

ನನ್ನ ತಮ್ಮನನ್ನು ಕುಡಿದು ಗಾಡಿ ಓಡಿಸಿದ ಒಬ್ಬ ಸಾಯಿಸಿದ. ಇಪ್ಪತ್ತೆರಡು ವರ್ಷ ತಮ್ಮನಿಗೆ. ಕ್ಷಮಿಸು, ಕ್ಷಮಿಸು ಅಂತ ಎಲ್ಲರೂ ಹೇಳಿದರು. ಪ್ರಾರ್ಥನೆ ಮಾಡಲು ಕೂತರೆ ಬಾಯಿಂದ ಒಂದು ಪದ ಬರುತ್ತಿರಲಿಲ್ಲ. ಒಂದು ರಾತ್ರಿ 109 ತೆರೆದೆ, ಜೋರಾಗಿ ಓದಿದೆ. ಅವನ ಆಯುಷ್ಯ ಕಡಿಮೆಯಾಗಲಿ. ಓದುತ್ತಾ ಓದುತ್ತಾ ಮೈಯೆಲ್ಲ ನಡುಗಿತು. ತಿಂಗಳುಗಳ ಮೇಲೆ ಅದು ನನ್ನ ಮೊದಲ ಪ್ರಾರ್ಥನೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ, ಬಾಯಿ ಮಾತ್ರ ಇತ್ತು. ಅದನ್ನೂ ದೇವರಿಗೇ ಕೊಟ್ಟೆ.

ಮುಂದಿನ ವಚನದಲ್ಲಿ ನಿಂತೆ. ಅವನ ಮಕ್ಕಳು ದಿಕ್ಕಿಲ್ಲದವರಾಗಲಿ, ಹೆಂಡತಿ ವಿಧವೆಯಾಗಲಿ. ಕೋರ್ಟಿನ ವರಾಂಡದಲ್ಲಿ ಅವನ ಮಗನನ್ನು ನೋಡಿದ್ದೆ. ಸ್ಕೂಲ್ ಯೂನಿಫಾರ್ಮಿನಲ್ಲೇ ಬಂದಿದ್ದ. ಶೂ ಲೇಸ್ ಬಿಚ್ಚಿತ್ತು, ಯಾರೂ ಕಟ್ಟಿರಲಿಲ್ಲ. ಆ ವಚನ ಓದಲು ನನ್ನಿಂದ ಆಗಲಿಲ್ಲ. ಇವತ್ತಿಗೂ ಓದಿಲ್ಲ.

137 ಬರೆದವನ ಕಣ್ಣೆದುರು ಏನಾಗಿತ್ತೋ. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಬಾಬೆಲಿನವರ ಕೈಗೆ ಬಿತ್ತು. ಅರಸ ಚಿದ್ಕೀಯನ ಎದುರೇ ಅವನ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣು ಕಿತ್ತರು ಅಂತ 2 ಅರಸುಗಳು 25ರಲ್ಲಿದೆ. ಅವನು ಕಂಡ ಕೊನೆಯ ನೋಟ ಅದು. ಅರಸನ ಮನೆಗೇ ಹೀಗಾದರೆ ಉಳಿದವರ ಕೂಸುಗಳಿಗೆ ಏನಾಗಿರಬೇಡ? ಆ ಒಂಬತ್ತನೇ ವಚನ ದೇವರ ಅಪ್ಪಣೆ ಅಲ್ಲ. ಮಗುವನ್ನು ಕಳೆದುಕೊಂಡ ಒಬ್ಬ ಮನುಷ್ಯನ ಕೂಗು ಅಂತ ನಾನು ಓದುತ್ತೇನೆ. ದೇವರು ಆ ಕೂಗನ್ನು ತಿದ್ದಿ ಮೆತ್ತಗೆ ಮಾಡದೆ ತನ್ನ ಪುಸ್ತಕದಲ್ಲಿ ಹಾಗೇ ಇರಲು ಬಿಟ್ಟರು. ಅಂಥ ದೇವರ ಹತ್ತಿರ ನಾನು ಹೋಗಬಲ್ಲೆ.

ದೃಢ ನಂಬಿಕೆ

ಅಕ್ಕಾ, ನಿಮ್ಮ ತಮ್ಮನಿಗಾಗಿ ಇವತ್ತು ಮನೆಯಲ್ಲಿ ನಿಮ್ಮೆಲ್ಲರನ್ನು ನೆನೆಸಿ ಪ್ರಾರ್ಥಿಸಿದೆವು.

ಪಾಸ್ಟರ್, ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ. ಅಣ್ಣ ಕೇಳಿದಾಗ ಯಾರೂ ಪಕ್ಕ ಕೂರಲಿಲ್ಲ. ನಾನೂ ಕೂರಲಿಲ್ಲ. ಅವನು ಅವತ್ತು ತೆರೆದಿದ್ದದ್ದು ನ್ಯಾಯಸ್ಥಾಪಕರು 11, ಯೆಪ್ತಾಹನ ಮಗಳ ಅಧ್ಯಾಯ. ಮನೆಗೆ ಮರಳಿದರೆ ಮೊದಲು ಎದುರು ಬಂದವರನ್ನು ಬಲಿ ಕೊಡುತ್ತೇನೆ ಅಂತ ಅಪ್ಪ ಹರಕೆ ಹೊತ್ತ. ದಮ್ಮಡಿ ಬಡಿಯುತ್ತಾ ಕುಣಿಯುತ್ತಾ ಎದುರು ಬಂದವಳು ಒಬ್ಬಳೇ ಮಗಳು. ಇಸಾಕನಿಗೆ ಟಗರು ಸಿಕ್ಕಿತು, ಇವಳಿಗೆ ಯಾಕೆ ಸಿಗಲಿಲ್ಲ ಅಂತ ಅಣ್ಣ ಕೇಳಿದ. ಸೈತಾನನ ಪ್ರಶ್ನೆ ಅಂತ ಅಪ್ಪ ಹೇಳಿದರು.

ಆದರೂ ನನ್ನ ಭಯ ಹೋಗಿಲ್ಲ. ನೋವಾಗುವುದನ್ನೆಲ್ಲ ಬಿಡುತ್ತಾ ಹೋದರೆ ಎಲ್ಲಿ ನಿಲ್ಲೋದು?

ನಿವೃತ್ತ ಸಭಾಪಾಲಕ

ನಿಮ್ಮ ಭಯ ಸುಳ್ಳಲ್ಲ ತಮ್ಮಾ. ಸಭೆಯ ಚರಿತ್ರೆಯಲ್ಲಿ ಹಾಗೆ ಬಿಟ್ಟವರು ಇದ್ದಾರೆ. ಮಾರ್ಸಿಯನ್ ಅನ್ನುವವನು ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಅಂದ. ಹಳೆಯ ಒಡಂಬಡಿಕೆಯನ್ನು ಪೂರ್ತಿ ಬಿಟ್ಟು, ಲೂಕನ ಸುವಾರ್ತೆಯನ್ನೂ ತನಗೆ ಬೇಕಾದ ಹಾಗೆ ಕತ್ತರಿಸಿ, ಪೌಲನ ಹತ್ತು ಪತ್ರಗಳನ್ನು ಮಾತ್ರ ಇಟ್ಟುಕೊಂಡ. ಕ್ರಿ.ಶ. 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಆ ತೀರ್ಮಾನ ಸರಿ ಅಂತ ನಾನು ನಂಬುತ್ತೇನೆ. ಆದರೆ ನಾವು ಕೈಯಲ್ಲಿ ಕತ್ತರಿ ಹಿಡಿಯದೆ ಅದನ್ನೇ ಮಾಡುತ್ತೇವೆ. ನಲವತ್ತು ವರ್ಷ ಪ್ರಸಂಗ ಮಾಡಿದೆ. ನ್ಯಾಯಸ್ಥಾಪಕರು 19ರ ಮೇಲೆ, ರಾತ್ರಿಯೆಲ್ಲ ಹಿಂಸೆ ಅನುಭವಿಸಿ ಹೊಸ್ತಿಲ ಮೇಲೆ ಕೈಚಾಚಿ ಬಿದ್ದ ಆ ಹೆಂಗಸಿನ ಮೇಲೆ, ಒಂದು ಪ್ರಸಂಗವನ್ನೂ ಮಾಡಲಿಲ್ಲ. ನಮ್ಮ ಬೆಂಚಿನ ಮೇಲೆ ಅಂಥ ಹೆಂಗಸರು ಕೂತಿದ್ದರು ಅಂತ ಈಗ ಗೊತ್ತಾಗುತ್ತಿದೆ.

ಬಿಡುವುದೂ ಅಲ್ಲ, ಮುಚ್ಚಿಕೊಳ್ಳುವುದೂ ಅಲ್ಲ. ಹಳಬರು ಹೇಗೆ ಮಾಡಿದರು ನೋಡಿ. ನಾಲ್ಕನೇ ಶತಮಾನದ ಬಿಷಪ್, ನಿಸ್ಸಾದ ಗ್ರೆಗೊರಿ, ಐಗುಪ್ತದ ಚೊಚ್ಚಲ ಮಕ್ಕಳ ಸಾವನ್ನು ಓದಿ ನೇರವಾಗಿ ಕೇಳಿದರು: ತಪ್ಪು ಮಾಡಿದವನು ಐಗುಪ್ತ್ಯನು, ಶಿಕ್ಷೆ ಈಗ ತಾನೇ ಹುಟ್ಟಿದ ಕೂಸಿಗೆ, ಇದರಲ್ಲಿ ನ್ಯಾಯ ಎಲ್ಲಿದೆ? ತಂದೆಯ ಪಾಪವನ್ನು ಮಗ ಹೊರುವುದಿಲ್ಲ ಅನ್ನುವ ಯೆಹೆಜ್ಕೇಲ 18ನ್ನು ಎದುರಿಗೆ ಇಟ್ಟೇ ಕೇಳಿದರು. ಅವರು ಕೊಟ್ಟ ಉತ್ತರ, ಕೆಟ್ಟದ್ದನ್ನು ಅದರ ಹುಟ್ಟಿನಲ್ಲೇ ಕೊಲ್ಲಬೇಕು ಅನ್ನುವ ಒಳಾರ್ಥ, ನನಗೆ ಪೂರ್ತಿ ಸಾಲದು. ಆದರೆ ಸಭೆಯ ಬಿಷಪ್ ಆಗಿದ್ದುಕೊಂಡೇ ಪ್ರಶ್ನೆಯನ್ನು ಮುಚ್ಚಿಡದೆ ಕೇಳಿದರು. ಟೀಚರಮ್ಮ, ನಿಮ್ಮ ಹುಡುಗಿಗೆ ಹೇಳಿ, ಪಾಪುಗಳನ್ನೂನಾ ಅಂತ 1600 ವರ್ಷಕ್ಕೂ ಹಿಂದೆ ಒಬ್ಬ ಬಿಷಪ್ ಕೇಳಿದ್ದರು ಅಂತ.

ಹಳೆಯ ಕಾಲದ ಇನ್ನೊಬ್ಬ ಬಿಷಪ್ ಅಗಸ್ಟೀನರ ಮಾತೂ ನನಗೆ ಆಸರೆ. ಬೈಬಲಿನಲ್ಲಿ ಸತ್ಯಕ್ಕೆ ಎದುರಾದದ್ದು ಕಂಡರೆ ಪ್ರತಿಯಲ್ಲಿ ತಪ್ಪಿರಬಹುದು, ಅನುವಾದಕನಿಗೆ ತಿಳಿಯದೆ ಇರಬಹುದು, ಇಲ್ಲವೇ ನನಗೇ ಅರ್ಥವಾಗಿಲ್ಲ ಅಂತ ಅವರು ಬೈಬಲ್ ಅನುವಾದಕ ಜೆರೋಮನಿಗೆ ಬರೆದರು. ದೇವರ ಮೇಲಿನ, ನೆರೆಯವರ ಮೇಲಿನ ಪ್ರೀತಿಯನ್ನು ಕಟ್ಟದ ಅರ್ಥ ಇನ್ನೂ ಸರಿಯಾದ ಅರ್ಥವಲ್ಲ ಅಂತಲೂ ಕಲಿಸಿದರು.

ಬೈಬಲ್ ತನ್ನನ್ನೇ ಮತ್ತೆ ಓದಿಕೊಳ್ಳುತ್ತದೆ, ಅದು ನನಗೆ ಎಲ್ಲಕ್ಕಿಂತ ದೊಡ್ಡ ಧೈರ್ಯ. ಅರಸ ಯೇಹು ಹಿಂದಿನ ಅರಸ ಅಹಾಬನ ಮನೆತನವನ್ನು ಇಜ್ರೇಲಿನಲ್ಲಿ ಕೊಂದದ್ದಕ್ಕೆ 2 ಅರಸುಗಳು 10:30ರಲ್ಲಿ ಮೆಚ್ಚುಗೆ ಇದೆ. ಹೋಶೇಯ 1:4ಕ್ಕೆ ಬನ್ನಿ. ಇಜ್ರೇಲಿನ ಆ ರಕ್ತಕ್ಕಾಗಿ ಯೇಹುವಿನ ಮನೆತನವನ್ನು ದಂಡಿಸುತ್ತೇನೆ ಅನ್ನುತ್ತಾರೆ ದೇವರು. ಯೇಸು ನಜರೇತಿನಲ್ಲಿ ಯೆಶಾಯ 61 ಓದಿದಾಗ ದೇವರ ಪ್ರಸನ್ನತೆಯ ವರ್ಷ ಅನ್ನುವಲ್ಲಿಗೆ ನಿಲ್ಲಿಸಿ ಪುಸ್ತಕ ಸುತ್ತಿಕೊಟ್ಟರು. ಮುಯ್ಯಿ ತೀರಿಸುವ ದಿನ ಅನ್ನುವ ಮುಂದಿನ ಮಾತನ್ನು ಓದಲಿಲ್ಲ. ತಮ್ಮನ್ನು ಸೇರಿಸಿಕೊಳ್ಳದ ಊರಿನ ಮೇಲೆ ಪ್ರವಾದಿ ಎಲೀಯನ ಹಾಗೆ ಬೆಂಕಿ ಬೀಳಿಸೋಣವೇ ಅಂತ ಯಾಕೋಬ ಯೋಹಾನರು ಕೇಳಿದಾಗ ತಿರುಗಿ ಗದರಿಸಿದರು. ಲೂಕ 9. ಅವರ ಹತ್ತಿರ ವಚನ ಇತ್ತು ನೋಡಿ, 2 ಅರಸುಗಳು 1. ಆದರೂ ಗದರಿಸಿದರು. ನಾನು ಅಮಾಲೇಕ್ಯರ ಅಧ್ಯಾಯವನ್ನು ಆ ಗದರಿಕೆಯನ್ನು ಕಿವಿಯಲ್ಲಿಟ್ಟುಕೊಂಡೇ ಓದುತ್ತೇನೆ. ತಮ್ಮಾ, ನಾನು ನಿಲ್ಲುವುದು ಅಲ್ಲಿ.

ಹೊರಗೆ ನಿಂತವಳು

ಪಾಸ್ಟರ್, ಹದಿನಾಲ್ಕನೇ ವಯಸ್ಸಿನಲ್ಲಿ ಇದನ್ನು ಯಾರಾದರೂ ಹೇಳಿದ್ದರೆ ಅಂತ ಅನಿಸಿತು. ನಾನು ಮರಳಿ ಬರುತ್ತೇನೆ ಅಂತ ಹೇಳಲಾರೆ. ಆದರೆ ನ್ಯಾಯಸ್ಥಾಪಕರು 11ರ ಕೊನೆ ಓದಿ, ಆ ಅಣ್ಣನಿಗೂ ಹೇಳಿ. ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಯೆಪ್ತಾಹನ ಮಗಳಿಗಾಗಿ ಹೋಗಿ ಅಳುತ್ತಿದ್ದರು. ಸಮರ್ಥನೆ ಮಾಡಲಿಲ್ಲ, ಮರೆಯಲೂ ಇಲ್ಲ. ನನಗೆ ಅವರ ಜೊತೆ ಕೂರಲು ಆಗುತ್ತೆ.

ಸಣ್ಣ ಸಣ್ಣ ವಚನ

ಟೀಚರ್, ನಿಮ್ಮ ಹುಡುಗಿಯ ಕತ್ತೆಯನ್ನು ಎಲ್ಲರೂ ಮರೆತಂತಿದೆ! ಅರಣ್ಯಕಾಂಡ 22 ತೋರಿಸಿ. ಬಿಳಾಮನ ಕತ್ತೆ ಬಾಯಿ ತೆರೆದು ಅದನ್ನೇ ಕೇಳುತ್ತದೆ, ನೀನು ಮೂರು ಸಲ ಹೊಡೆದೆಯಲ್ಲ, ನಾನು ನಿನಗೆ ಏನು ಮಾಡಿದೆ ಅಂತ. ದೂತನು ಕತ್ತೆಯ ಪಕ್ಷ ವಹಿಸಿದ. ಇನ್ನೊಂದು ಯೋನ 4:11. ನಿನೆವೆ ಕ್ರೂರಿಗಳ ಊರು, ಅದನ್ನು ಎಚ್ಚರಿಸಲು ದೇವರು ಯೋನನನ್ನು ಕಳಿಸಿದ್ದರು. ದೇವರು ಯೋನನಿಗೆ ಹೇಳುವ ಕೊನೆಯ ಮಾತು, ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನ, ಬಹಳ ಪಶುಗಳೂ ಇರುವ ಊರಿಗಾಗಿ ನಾನು ಮರುಗಬಾರದೇ ಅಂತ. ಪುಸ್ತಕ ಅಲ್ಲಿಗೇ ಮುಗಿಯುತ್ತೆ, ಪಶುಗಳ ಮೇಲೆ.

ಭಾನುವಾರದ ಟೀಚರ್

ಪಾಠ ಮುಗಿಸಿ ಈಗ ಬಂದೆ. ಮೊದಲು ಅವಳ ಪಕ್ಕ ಕೂತು, "ಹೋದ ವಾರ ನಿನ್ನ ಪ್ರಶ್ನೆಗೆ ನಾನು ಸರಿಯಾಗಿ ಕಿವಿ ಕೊಡಲಿಲ್ಲ, ತಪ್ಪಾಯ್ತು" ಅಂದೆ. ಆ ವಚನ ಓದಿದರೆ ನನಗೂ ನೋವಾಗುತ್ತೆ, ಉತ್ತರ ನನಗೂ ಗೊತ್ತಿಲ್ಲ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಬಿಷಪ್ ಕೇಳಿದ್ದನ್ನು ಹೇಳಿದೆ. "ಬಿಷಪ್ಪಾ?" ಅಂತ ಎರಡು ಸಲ ಕೇಳಿದಳು. ಆಮೇಲೆ ಬೈಬಲ್ ತೆರೆದಳು.

ಯೋನನ ಪುಸ್ತಕವನ್ನು ಎಲ್ಲರೂ ಸೇರಿ ಓದಿದೆವು. ನಾಲ್ಕೇ ಅಧ್ಯಾಯ ಅಲ್ವಾ. ನಿನೆವೆಯಲ್ಲಿ ಪಶುಗಳಿಗೂ ಗೋಣಿತಟ್ಟು ಹೊದಿಸಿ ಉಪವಾಸ ಮಾಡಿಸಿದರು ಅನ್ನುವಲ್ಲಿ ಮಕ್ಕಳೆಲ್ಲ ನಕ್ಕರು, ಅವಳೂ ನಕ್ಕಳು. ಕೊನೆಯ ವಚನ ಅವಳೇ ಓದಿದಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮತ್ತೆ 1 ಸಮುವೇಲ 15ಕ್ಕೆ ಹೋಗಿ ಬೆರಳಿಟ್ಟು ಕೇಳಿದಳು: "ನಿನೆವೆಗೆ ಯೋನನ್ನ ಕಳಿಸಿದ್ರು. ಅಮಾಲೇಕ್ಯರಿಗೆ ಯಾರನ್ನ ಕಳಿಸಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರ್ಜಿನಿನಲ್ಲಿ ಪೆನ್ಸಿಲಿನಿಂದ ಬರೆದುಕೋ ಅಂದೆ. ಬರೆದುಕೊಂಡಳು. ಪಾಸ್ಟರ್, ನಿಮಗೆ ಗೊತ್ತಿದ್ದರೆ ಹೇಳಿ. ಮುಂದಿನ ವಾರ ಖಂಡಿತ ಕೇಳುತ್ತಾಳೆ.

ನಿವೃತ್ತ ಸಭಾಪಾಲಕ

ಗೊತ್ತಿಲ್ಲ ಟೀಚರಮ್ಮ. ನನ್ನ ಬೈಬಲಿನಲ್ಲೂ ಬರೆದುಕೊಂಡೆ.

ದೃಢ ನಂಬಿಕೆ

ನಾನು ಹುಡುಕಿದೆ. ಅದೇ ಅಧ್ಯಾಯದ ಆರನೇ ವಚನ ನೋಡಿ. ಸೌಲ ಕೇನ್ಯರಿಗೆ ಮೊದಲೇ ಹೇಳಿ ಕಳಿಸುತ್ತಾನೆ, ಅಮಾಲೇಕ್ಯರ ಮಧ್ಯದಿಂದ ಹೊರಟುಹೋಗಿ ಅಂತ. ಅವರು ಹೋಗಿ ಉಳಿದುಕೊಂಡರು. ಅಮಾಲೇಕ್ಯರಿಗೆ ಯಾರಾದರೂ ಹೇಳಿದ್ದು ಈ ಅಧ್ಯಾಯದಲ್ಲಿ ನನಗೆ ಕಾಣಲಿಲ್ಲ. ಇಷ್ಟು ಸಲ ಓದಿಯೂ ಗಮನಿಸಿರಲಿಲ್ಲ.

ಅಣ್ಣನಿಗೆ ಫೋನ್ ಮಾಡಿ ಆ ಮಗುವಿನ ಪ್ರಶ್ನೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಅಧ್ಯಾಯ ಅಂದೆ?" ಅಂತ ಕೇಳಿದ.